ಮೈಯಾಗ ಏನೂ ತ್ರಾಸಿಲ್ಲ, ಆದ್ರೂ ಬೋನ್ ಮ್ಯಾರೋ ಟೆಸ್ಟ್ ಮಾಡಸ್ರಿ ಅಂತಾರ, ಯಾಕ?

ಪ್ರಶ್ನೆ: ನಮಸ್ಕಾರ ಸಾಹೇಬ್ರ. ನಾನು ಅಥಣಿ ತಾಲೂಕಿನಾಂವ, ವಯಸ್ಸು 54, ಸಕ್ಕರಿ ಫ್ಯಾಕ್ಟರ್ಯಾಗ ಕೆಲಸ, ಊರಾಗ ಸ್ವಲ್ಪ ಕಬ್ಬೂ ಐತಿ. ಬಿಪಿ ಇಲ್ಲ, ಶುಗರ್ ಇಲ್ಲ. ಫ್ಯಾಕ್ಟರ್ಯಾಗ ಹೆಲ್ತ್ ಚೆಕಪ್ ಮಾಡಿದಾಗ ಟೋಟಲ್ ಪ್ರೋಟೀನ್ 9.3, ಗ್ಲೋಬುಲಿನ್ 5.3, ಇಎಸ್‌ಆರ್ 74 ಬಂತು. ನಮ್ಮ ಡಾಕ್ಟರ್ ಮತ್ತೊಮ್ಮೆ ರಕ್ತ ಕಳಿಸಿದ್ರು, ಎಂ-ಬ್ಯಾಂಡ್ 2.4 ಗ್ರಾಂ, ಐಜಿಜಿ ಕಪ್ಪಾ, ಲೈಟ್ ಚೈನ್ ರೇಶಿಯೋ 9.8 ಅಂತ ಬಂತು. ಹಿಮೋಗ್ಲೋಬಿನ್ 13.1, ಕ್ರಿಯಾಟಿನಿನ್ 0.9, ಕ್ಯಾಲ್ಸಿಯಂ 9.3. ಈಗ ರಕ್ತದ ಡಾಕ್ಟರ್ ಹತ್ರ ಕಳಿಸ್ಯಾರ, ಅವರು ಮೈಲೋಮಾ ಅನ್ನೋ ಬ್ಲಡ್ ಕ್ಯಾನ್ಸರ್ ಇರಬಹುದು, ಬೋನ್ ಮ್ಯಾರೋ ಮತ್ತ ಮೈತುಂಬ ಸ್ಕ್ಯಾನ್ ಮಾಡಸ್ರಿ ಅಂದ್ರು. ನನಗ ಒಂದ್ ಬ್ಯಾನಿ ಇಲ್ಲ, ಜ್ವರ ಇಲ್ಲ, ತೂಕ ಇಳಿದಿಲ್ಲ, ದಿನಾ ಡ್ಯೂಟಿ ಮಾಡ್ತೀನಿ. ಬೆನ್ನಿಗೆ ಸೂಜಿ ಹಾಕಿಸಿಕೊಂಡ್ರ ಕಾಲು ಹೋಗ್ತಾವ, ಕ್ಯಾನ್ಸರ್ ಕೆದರಿದ್ರ ಹಬ್ಬತೈತಿ ಅಂತ ನಮ್ಮ ಅಕ್ಕ ಅಳಕೋತ ಕುಂತಾಳ. ಪ್ರೋಟೀನ್ ಜಾಸ್ತಿ ಆಗೈತಿ ಅಂತ ಹೆಂಡ್ತಿ ಬ್ಯಾಳಿ, ತತ್ತಿ ಬಂದ್ ಮಾಡ್ಯಾಳ. ಮಗಳ ಮದ್ವಿ ವೈಶಾಖದಾಗ ಐತಿ, ಇನ್ನೂ ನಾಕು ತಿಂಗಳು. ಮದ್ವಿ ಮುಗಿಸಿ ಟೆಸ್ಟ್ ಮಾಡಿಸಿದ್ರ ನಡೀತೈತೇನ್ರಿ?

ಉತ್ತರ: ಅಣ್ಣಾರ, ಮೊದ್ಲ ನೇರ ಮಾತು ಹೇಳಿಬಿಡ್ತೀನಿ, ವಿವರ ಆಮ್ಯಾಲ. ಬೋನ್ ಮ್ಯಾರೋನೂ ಮಾಡಸ್ರಿ, ಸ್ಕ್ಯಾನೂ ಮಾಡಸ್ರಿ, ವೈಶಾಖದ ತನಕ ಕಾಯಬ್ಯಾಡ್ರಿ. ಹಂಗಂತ ನಿಮಗ ಕ್ಯಾನ್ಸರ್ ಐತಿ ಅಂತ ನಾನೂ ಹೇಳವಲ್ಲೆ, ನಿಮ್ಮ ಡಾಕ್ಟರೂ ಹೇಳಿಲ್ಲ, ಅವರು ಇರಬಹುದು ಅಂದಾರ, ಆ ಮಾತು ಖರೇನ ಐತಿ. ನಿಮ್ಮ ನಂಬರ್ ನೋಡಿದ್ರ ಮೂರು ಸಾಧ್ಯತೆ ಅದಾವ, ಒಂದಕ್ಕ ಔಷಧ ಬೇಕಿಲ್ಲ, ಇನ್ನೊಂದಕ್ಕ ಹೆಚ್ಚಿನ ಮಂದಿಗೆ ಈಗ ಬೇಕಾಗಂಗಿಲ್ಲ, ಮೂರನೇದಕ್ಕ ಬೇಕು ಮತ್ತ ಲಗೂನ ಬೇಕು. ಈ ಮೂರರಾಗ ನೀವು ಎಲ್ಲಿ ಅದೀರಿ ಅನ್ನೋದು ನಿಮ್ಮ ಮೈ ಹೇಳಂಗಿಲ್ಲ. ಮೂರೂ ಥರದ ಮಂದಿ ನಿಮ್ಮಂಗ ಆರಾಮ ನಡ್ಕೋತ ನನ್ನ ಓಪಿಡಿಗೆ ಬರ್ತಾರ, ನೋಡಿದ್ರ ಯಾರಿಗೆ ಏನು ಅಂತ ನನಗೂ ಗೊತ್ತಾಗಂಗಿಲ್ಲ, ಅದಕ್ಕ ಟೆಸ್ಟ್ ಕೇಳೋದು.

ಊಟದ ವಿಷಯ ಒಂದ ಮಾತಿನ್ಯಾಗ ಮುಗಸ್ತೀನಿ, ವೈನಿಯವ್ರಿಗೆ ಹೇಳ್ರಿ ಬ್ಯಾಳಿ, ತತ್ತಿ, ಹಾಲು ಎಲ್ಲಾ ಮೊದ್ಲಿನಂಗ ಹಾಕ್ರಿ ಅಂತ. ರಕ್ತದಾಗ ಜಾಸ್ತಿ ಆಗಿರೋ ಪ್ರೋಟೀನ್ ಊಟದಿಂದ ಬಂದದ್ದಲ್ಲ, ಅದನ್ನ ನಿಮ್ಮ ಎಲುವಿನ ಒಳಗಿರೋ ಮಜ್ಜೆ, ಅಂದ್ರ ಬೋನ್ ಮ್ಯಾರೋ, ಅದರೊಳಗಿನ ಒಂದು ಜಾತಿ ಕಣ ತಯಾರ ಮಾಡಾಕತ್ತೈತಿ. ಊಟ ಬಿಟ್ರ ಆ ನಂಬರ್ ಇಳಿಯಂಗಿಲ್ಲ, ನೀವು ಮಾತ್ರ ಸೊರಗ್ತೀರಿ. ಈ ರಿಪೋರ್ಟ್ ಬಂದ ಮನಿಗಳ್ಯಾಗ ಮೊದ್ಲ ಆಗೋ ತಪ್ಪೇ ಇದು, ಅದಕ್ಕ ಒತ್ತಿ ಹೇಳಾಕತ್ತೇನಿ.

ಈಗ ಎಂ-ಬ್ಯಾಂಡ್ ಅಂದ್ರೇನು. ನಮ್ಮ ಮಜ್ಜ್ಯಾಗ ಪ್ಲಾಸ್ಮಾ ಸೆಲ್ ಅಂತ ಇರತಾವ, ರೋಗ ಬಂದಾಗ ಹೊಡದಾಡೋ ಆಂಟಿಬಾಡಿ ತಯಾರ ಮಾಡೋದು ಇವುಗಳ ಕೆಲಸ. ಆರೋಗ್ಯ ಇದ್ದವರೊಳಗ ಇದು ನಮ್ಮ ಅಜ್ಜಂದಿರ ಅಕ್ಕಡಿ ಹೊಲ ಇದ್ದಂಗ, ಜೋಳ, ತೊಗರಿ, ಹೆಸರು, ಕುಸುಬಿ ಎಲ್ಲಾ ಸಾಲಿನ್ಯಾಗ ಕೂಡಿ ಬೆಳೀತಾವ, ಥರಾವರಿ ರೋಗಕ್ಕ ಥರಾವರಿ ಆಂಟಿಬಾಡಿ. ಯಾವುದೋ ಒಂದು ಪ್ಲಾಸ್ಮಾ ಸೆಲ್ ಹದ್ದು ಮೀರಿ ತನ್ನಂಥಾವನ್ನ ಹುಟ್ಟಿಸ್ಕೋತ ಹೋದ್ರ ಹೊಲ ತುಂಬ ಒಂದ ಬೆಳಿ ಆಗತೈತಿ, ಎಲ್ಲಾ ಕಣ ಒಂದ ನಮೂನಿ ಆಂಟಿಬಾಡಿ ಮಾಡ್ತಾವ. ಅದೇ ಎಂ-ಪ್ರೋಟೀನ್. ಐಜಿಜಿ ಅನ್ನೋದು ಆಂಟಿಬಾಡಿಯ ಒಂದು ಜಾತಿ, ಲೈಟ್ ಚೈನ್ ಅಂದ್ರ ಆಂಟಿಬಾಡಿಯ ಸಣ್ಣ ತುಂಡು, ಅದರಾಗ ಕಪ್ಪಾ, ಲ್ಯಾಂಬ್ಡಾ ಅಂತ ಎರಡು ಥರ, ಅವೆರಡರ ಅಳತಿ ಹೋಲಿಸಿದ್ದೇ ರೇಶಿಯೋ. ರಕ್ತದ ಪ್ರೋಟೀನ್ ಬ್ಯಾರೆ ಬ್ಯಾರೆ ಮಾಡಿ ತೋರ್ಸೋ ನಿಮ್ಮ ಎಲೆಕ್ಟ್ರೋಫೊರೆಸಿಸ್ ರಿಪೋರ್ಟ್ ತಗದು ನೋಡ್ರಿ, ಒಂದು ಗ್ರಾಫ್ ಇರತೈತಿ. ಎಡಕ್ಕ ಎತ್ತರದ ಚೂಪು ಗೆರಿ, ಅದು ಆಲ್ಬುಮಿನ್, ಎಲ್ಲಾರಿಗೂ ಇರತೈತಿ. ನಡುವ ಸಣ್ಣ ಸಣ್ಣ ಉಬ್ಬು. ಬಲಗಡೆ ಕೊನೀಗೆ ಗಾಮಾ ಅಂತ ಬರದಲ್ಲಿ ಸಾಮಾನ್ಯ ಮಂದಿಗೆ ಅಗಲ, ತಗ್ಗು ದಿಬ್ಬ ಇರತೈತಿ, ನಿಮಗ ಅಲ್ಲಿ ಸಣ್ಣ ಬುಡದ ಚೂಪು ಮೊಳಿ ಎದ್ದಿರಬೇಕು, ಅದೇ ಎಂ-ಬ್ಯಾಂಡ್. ಟಿಬಿ, ಲಿವರ್ ಬ್ಯಾನಿ, ಸಂಧಿವಾತ, ಎಚ್‌ಐವಿ ಇಂಥಾವುದರಾಗೂ ಗ್ಲೋಬುಲಿನ್ ಏರತೈತಿ, ಇಎಸ್‌ಆರ್ ಏರತೈತಿ, ಆದ್ರ ಅಲ್ಲಿ ದಿಬ್ಬ ಪೂರಾ ಉಬ್ಬತೈತಿ, ಚೂಪ ಮೊಳಿ ಏಳಂಗಿಲ್ಲ. ಗ್ಲೋಬುಲಿನ್ ಜಾಸ್ತಿ ಅಂತ ನೋಡಿ ಟಾನಿಕ್ ಬರದು ಕಳಸೋದು ನಮ್ಮ ಕಡೆ ಭಾಳ ನಡೀತೈತಿ, ನಿಮ್ಮ ಡಾಕ್ಟರ್ ಹಂಗ ಮಾಡ್ದ ಎಂ-ಬ್ಯಾಂಡ್ ಕಳಿಸ್ಯಾರ, ಅದು ನಿಮ್ಮ ಅದೃಷ್ಟ.

ಇನ್ನ, ಏನೂ ತ್ರಾಸಿಲ್ಲ ಅಂದ್ರ ಏನೂ ಇಲ್ಲ ಅಂತ ಯಾಕ ಹಿಡೀಬಾರದು. ಮೈಲೋಮಾ ಹಾಳ ಮಾಡೋ ಜಾಗ ಮುಖ್ಯ ನಾಕು, ಕ್ಯಾಲ್ಸಿಯಂ ಏರತೈತಿ, ಕಿಡ್ನಿ ಕೆಡತೈತಿ, ರಕ್ತ ಕಡಿಮಿ ಆಗತೈತಿ, ಎಲುವು ತೂತು ಬೀಳತೈತಿ. ಈ ನಾಕೂ ಕಡೆ ದೇವರು ಭಾಳ ಉಳಿತಾಯ ಇಟ್ಟಾನ. ಕಿಡ್ನಿ ಅರ್ಧದ ಹತ್ರ ಕೆಲಸ ಕಳಕೊಂಡ ಮ್ಯಾಲ ಕ್ರಿಯಾಟಿನಿನ್ ಕಣ್ಣಿಗೆ ಬೀಳುವಂಗ ಏರತೈತಿ. ಎಲುವಿನ ಸುಣ್ಣ ಮೂವತ್ತರಿಂದ ಐವತ್ತು ಪರ್ಸೆಂಟ್ ಹೋಗೋ ತನಕ ಸಾದಾ ಎಕ್ಸ್‌ರೇದಾಗ ತೂತು ಕಾಣಂಗಿಲ್ಲ. ಹಿಮೋಗ್ಲೋಬಿನ್ ತಿಂಗಳಿಗೆ ಚೂರು ಚೂರು ಇಳದ್ರ ಮೈ ಅದಕ್ಕ ಹೊಂದಕೊಂಡುಬಿಡತೈತಿ, ವಯಸ್ಸಾತು ಸುಸ್ತು ಅಂತ ಮಂದಿ ಸುಮ್ಮನ ಇರ್ತಾರ. ಅದರ ಮ್ಯಾಲ ನಮ್ಮ ಕಡೆ ಕಬ್ಬಿನ ಕೆಲಸ ಮಾಡೋರಿಗೆ ಸೊಂಟಬ್ಯಾನಿ ಇದ್ದದ್ದೇ, ಅದನ್ನ ಬ್ಯಾನಿ ಅಂತ ಲೆಕ್ಕಕ್ಕ ಹಿಡಿಯೋದೇ ಇಲ್ಲ, ಹಂಗಾಗಿ ಬೆನ್ನೆಲುವು ಕುಸದ ಮ್ಯಾಲ, ಇಲ್ಲಾ ಡಯಾಲಿಸಿಸ್‌ಗೆ ಬಂದ ಮ್ಯಾಲ ಮೈಲೋಮಾ ಅಂತ ಗೊತ್ತಾಗೋದು ನಮ್ಮ ಭಾಗದಾಗ ಅಪರೂಪ ಅಲ್ಲ. ನಿಮಗ ರಕ್ತ, ಕಿಡ್ನಿ, ಕ್ಯಾಲ್ಸಿಯಂ ಮೂರೂ ಚೊಲೋ ಅದಾವ. ಇಷ್ಟು ಮೊದ್ಲ ಸಿಕ್ಕಿದ್ದು ಭಾಳ ದೊಡ್ಡ ಮಾತು ಅಣ್ಣಾರ, ಇದನ್ನ ನಾಕು ತಿಂಗಳು ಮುಚ್ಚಿಟ್ಟು ಕಳಕೋಬ್ಯಾಡ್ರಿ.

ಆ ಮೂರು ಸಾಧ್ಯತೆ ಯಾವು ಅಂತ ಹೇಳ್ತೀನಿ. ಮೊದಲನೇದು ಎಂಜಿಯುಎಸ್, ನಾವು ಮಾತಾಡುವಾಗ ಎಂಗಸ್ ಅಂತೀವಿ. ಅಮೆರಿಕಾದ ಮೇಯೋ ಕ್ಲಿನಿಕ್ಕಿನ ಡಾ. ರಾಬರ್ಟ್ ಕೈಲ್ 1978ರಾಗ ಈ ಹೆಸರು ಇಟ್ಟವರು. ಎಂ-ಪ್ರೋಟೀನ್ 3 ಗ್ರಾಂ ಒಳಗ, ಮಜ್ಜ್ಯಾಗ ಕೆಟ್ಟ ಪ್ಲಾಸ್ಮಾ ಸೆಲ್ 10 ಪರ್ಸೆಂಟ್ ಒಳಗ, ಅಂಗಾಂಗಕ್ಕ ಯಾವ ಹಾನಿನೂ ಇಲ್ಲ ಅಂದ್ರ ಎಂಗಸ್. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಬಹುದಾದ ಮುಂಚಿನ ಹಂತ. ಅವರದೇ ತಂಡ 2006ರಾಗ ಮಿನೆಸೋಟಾದ ಒಂದು ಜಿಲ್ಲಾದ ಮಂದೀನ ನೋಡಿ 50 ದಾಟಿದವರೊಳಗ ನೂರಕ್ಕ ಮೂರು ಮಂದಿಗೆ ಎಂಗಸ್ ಐತಿ ಅಂತ ತೋರ್ಸಿತು, ಅದರಾಗ ಮುಂದ ಮೈಲೋಮಾ ಅಥವಾ ಅದರ ಸಂಬಂಧದ ರೋಗಕ್ಕ ತಿರುಗೋದು ವರ್ಷಕ್ಕ ನೂರರಾಗ ಸುಮಾರು ಒಬ್ಬರಿಗೆ. ಅಂದ್ರ ಎಂಗಸ್ ಇದ್ದ ಹೆಚ್ಚಿನ ಮಂದಿ ಬ್ಯಾರೆ ಯಾವುದೋ ಕಾರಣಕ್ಕ, ವಯಸ್ಸಾಗಿ ಹೋಗ್ತಾರ, ಮೈಲೋಮಾದಿಂದ ಅಲ್ಲ.

ಎರಡನೇದು ಸ್ಮೋಲ್ಡರಿಂಗ್ ಮೈಲೋಮಾ, ಅಂದ್ರ ಬೂದಿ ಕೆಳಗ ಕೆಂಡ ಇದ್ದಂಥಾ ಹಂತ ಅಂತ ಅದರ ಹೆಸರು. ಎಂ-ಪ್ರೋಟೀನ್ 3 ಗ್ರಾಂ ಅಥವಾ ಹೆಚ್ಚು, ಇಲ್ಲಾಂದ್ರ ಮಜ್ಜ್ಯಾಗ 10ರಿಂದ 60 ಪರ್ಸೆಂಟ್ ಒಳಗ ಕೆಟ್ಟ ಕಣ, ಆದ್ರ ಹಾನಿ ಇನ್ನೂ ಆಗಿಲ್ಲ. ಇದರಾಗ ತಿರುಗೋ ವೇಗ ಜಾಸ್ತಿ, ಮೊದಲ ಐದು ವರ್ಷ ವರ್ಷಕ್ಕ ಸುಮಾರು 10 ಪರ್ಸೆಂಟ್, ಮುಂದಿನ ಐದು ವರ್ಷ ವರ್ಷಕ್ಕ 3, ಆಮ್ಯಾಲ 1. ಮೂರನೇದು ಖರೇ ಮೈಲೋಮಾ, ಮ್ಯಾಲ ಹೇಳಿದ ನಾಕು ಹಾನಿಯೊಳಗ ಒಂದರ ಆಗಿರಬೇಕು. ಇಲ್ಲೊಂದು ಮುಖ್ಯ ಮಾತು ಐತಿ. 2014ರಾಗ ಅಂತಾರಾಷ್ಟ್ರೀಯ ಮೈಲೋಮಾ ತಂಡ ನಿಯಮ ಬದಲ ಮಾಡಿತು, ಹಾನಿ ಆಗಿರದಿದ್ರೂ ಮಜ್ಜ್ಯಾಗ 60 ಪರ್ಸೆಂಟ್ ದಾಟಿದ್ರ, ಲೈಟ್ ಚೈನ್ ರೇಶಿಯೋ ನೂರು ದಾಟಿದ್ರ, ಇಲ್ಲಾ ಎಂಆರ್‌ಐ ಒಳಗ ಒಂದಕ್ಕಿಂತ ಹೆಚ್ಚು ಕಡೆ ಗುರುತು ಕಂಡ್ರ ಕಾಯಬಾರದು, ಮೈಲೋಮಾ ಅಂತ ಹಿಡದು ಔಷಧ ಚಾಲೂ ಮಾಡಬೇಕು ಅಂತ. ಯಾಕಂದ್ರ ಇಂಥವರೊಳಗ ಹೆಚ್ಚಿನ ಮಂದಿಗೆ ಎರಡು ವರ್ಷದ ಒಳಗ ಎಲುವೋ ಕಿಡ್ನಿಯೋ ಹೋಗೇ ಹೋಗತಿತ್ತು. ಅಂದ್ರ ಒಂದ್ ಬ್ಯಾನಿ ಇಲ್ದನೂ ಮೈಲೋಮಾ ಅನ್ನಿಸ್ಕೊಳ್ಳೋದು ಈಗ ಸಾಧ್ಯ ಐತಿ, ಮತ್ತ ಅದು ಗೊತ್ತಾಗೋದು ಮಜ್ಜೆ ಮತ್ತ ಸ್ಕ್ಯಾನ್‌ದಿಂದ.

ಎಂ-ಬ್ಯಾಂಡ್ ಬಂದವರಿಗೆಲ್ಲಾ ಬೋನ್ ಮ್ಯಾರೋ ಬೇಕೇನು ಅಂದ್ರ ಇಲ್ರಿ. ಐಜಿಜಿ ಜಾತಿ, ಎಂ-ಪ್ರೋಟೀನ್ 1.5 ಒಳಗ, ಲೈಟ್ ಚೈನ್ ರೇಶಿಯೋ ನಾರ್ಮಲ್, ಹಿಮೋಗ್ಲೋಬಿನ್ ಕಿಡ್ನಿ ಎಲ್ಲಾ ಚೊಲೋ, ಇಂಥವರಿಗೆ ನಾನು ಮ್ಯಾರೋ ಮಾಡಂಗಿಲ್ಲ, ಆರು ತಿಂಗಳಿಗೆ ರಕ್ತ ತೋರಸ್ರಿ ಅಂತ ಕಳಸ್ತೀನಿ. ಮೇಯೋದವರು 2005ರಾಗ ಲೆಕ್ಕ ಹಾಕಿ ತೋರ್ಸ್ಯಾರ, ಈ ಥರದವರಿಗೆ 20 ವರ್ಷದಾಗ ತಿರುಗೋ ಸಾಧ್ಯತೆ 5 ಪರ್ಸೆಂಟ್ ಅಷ್ಟ. ನಿಮಗ ಐಜಿಜಿ ಅನ್ನೋದು ಚೊಲೋ, ಆದ್ರ 2.4 ಅನ್ನೋದು 1.5 ದಾಟೈತಿ, ಮತ್ತ ರೇಶಿಯೋ 0.26ರಿಂದ 1.65 ಒಳಗ ಇರಬೇಕಾದ್ದು 9.8 ಐತಿ. ಎರಡು ಅಂಕಿ ಹೊರಗ ಬಿದ್ದಾವ, ಮಜ್ಜ್ಯಾಗ ಕಣ ಕೇವಲ 6 ಪರ್ಸೆಂಟ್ ಇದ್ರೂ ಇದ್ದಾವು, 25 ಇದ್ರೂ ಇದ್ದಾವು, ರಕ್ತ ನೋಡಿ ಹೇಳಾಕ ಬರಂಗಿಲ್ಲ. ಹಂಗಾಗಿ ನಿಮ್ಮ ಡಾಕ್ಟರ್ ಕೇಳಿದ್ದು ಸುಮ್ಮನ ಬಿಲ್ ಏರ್ಸಾಕಲ್ಲ.

ಈಗ ಅಕ್ಕಾರ ಭಯಕ್ಕ ಬರ್ತೀನಿ, ಯಾಕಂದ್ರ ಟೆಸ್ಟ್ ತಪ್ಪಿಸೋದು ಹೆಚ್ಚಾಗಿ ಈ ಭಯನ, ರೊಕ್ಕ ಅಲ್ಲ. ಈ ಸೂಜಿ ಬೆನ್ನಿನ ಹುರಿಗೆ ಹೋಗೋದೇ ಇಲ್ಲ. ನೀವು ಮಗ್ಗಲಾಗಿ ಮಲಗಿ ಮೊಣಕಾಲು ಹೊಟ್ಟಿಗೆ ಎಳಕೊಂಡಿರ್ತೀರಿ, ಡಾಕ್ಟರ್ ಹಿಂದ ನಿಂತು ಹೆಬ್ಬಟ್ಟಿಲೆ ಒತ್ತಿ ಒತ್ತಿ ಸೊಂಟದ ಕೆಳಗ ಕುಂಡಿ ಮ್ಯಾಲಿನ ಗಟ್ಟಿ ಎಲುವಿನ ಗುಬಟ ಹುಡುಕ್ತಾರ, ನಡು ಬೆನ್ನಿನ ಸಾಲಿನಿಂದ ಅದು ದೂರ ಐತಿ, ಬೆನ್ನುಹುರಿ ಅಂತೂ ಸೊಂಟದ ಮ್ಯಾಲ ಮುಗದಿರತೈತಿ. ಸೊಂಟದ ನೀರು ತಗೀತಾರಲ್ಲ ಅದು ಬ್ಯಾರೆ ಟೆಸ್ಟ್, ಇದು ಬ್ಯಾರೆ. ಬೀಟಾಡೀನ್ ತಣ್ಣಗ ಹಚ್ಚಿ ಲಿಗ್ನೋಕೇನ್ ಇಂಜೆಕ್ಷನ್ ಕೊಡ್ತಾರ, ಅದು ಚುರ್ ಅಂತ ಉರೀತೈತಿ, ಎಲುವಿನ ಮ್ಯಾಲಿನ ಪರದಿಗೂ ಅದು ಇಳೀಬೇಕು, ಅವಸರ ಮಾಡಿದ್ರ ನೋವು ಆಗತೈತಿ, ಅದಕ್ಕ ಮೂರ್ನಾಕು ನಿಮಿಷ ಕಾಯೋ ಡಾಕ್ಟರ್ ಚೊಲೋ ಡಾಕ್ಟರ್. ಆಮ್ಯಾಲ ಸೂಜಿ ಬಲಕ್ಕ ಎಡಕ್ಕ ತಿರುವಿ ಎಲುವಿನೊಳಗ ಇಳಸ್ತಾರ, ಆವಾಗ ಒತ್ತಿದಂಗ ಅನಸ್ತೈತಿ, ಕೊಯ್ದಂಗ ಅಲ್ಲ. ಖರೇ ತ್ರಾಸು ಆಗೋದು ಸಿರಿಂಜ್ ಹಚ್ಚಿ ಎಳಿಯೋ ಹೊತ್ತಿಗೆ, ಕುಂಡಿಯಿಂದ ತೊಡಿ ತನಕ ಸೆಳದಂಗ ಆಗತೈತಿ, ಐದು ಹತ್ತು ಸೆಕೆಂಡ್. ಸುಳ್ಳು ಹೇಳಂಗಿಲ್ಲ, ಆ ಹತ್ತು ಸೆಕೆಂಡ್ ನೋವು ಐತಿ, ಎಳಿಯುವಾಗ ಜೋರಾಗಿ ಉಸಿರು ಬಿಡ್ರಿ. ಹತ್ರ ನಿಂತ ಟೆಕ್ನಿಶಿಯನ್ ಲಗೂ ಲಗೂ ಗಾಜಿನ ಸ್ಲೈಡ್ ಮ್ಯಾಲ ಹನಿ ಹಾಕಿ ಓರೆ ಮಾಡಿ ನೋಡ್ತಾರ, ರಕ್ತದೊಳಗ ಸಣ್ಣ ಸಣ್ಣ ಕಾಳು ಕಂಡ್ರ ಮಜ್ಜೆ ಸರಿ ಬಂದೈತಿ ಅಂತ. ಕೊನೀಗೆ ಒಂದೆರಡು ಸೆಂಟಿಮೀಟರ್ ಉದ್ದದ ತೆಳು ಎಲುವಿನ ಚೂರು ತಗದು ಫಾರ್ಮಾಲಿನ್ ಡಬ್ಬ್ಯಾಗ ಹಾಕ್ತಾರ. ಒಟ್ಟ ಇಪ್ಪತ್ತು ನಿಮಿಷ ಅರ್ಧ ತಾಸು. ಬ್ಯಾಂಡೇಜ್ ಮ್ಯಾಲ ಅಂಗಾತ ಮಲಗಿ ಆಮ್ಯಾಲ ನೀವ ನಡ್ಕೋತ ಹೋಗ್ತೀರಿ, ಒಂದು ದಿನ ಆ ಜಾಗ ಒದ್ದಿ ಮಾಡಬ್ಯಾಡ್ರಿ, ಎರಡ್ಮೂರು ದಿನ ಭಾರ ಎತ್ತಬ್ಯಾಡ್ರಿ. ರಕ್ತ ತೆಳು ಮಾಡೋ ಗುಳಿಗಿ ಏನರ ಇದ್ರ ಮೊದ್ಲ ಹೇಳ್ರಿ.

ಕೆದರಿದ್ರ ಹಬ್ಬತೈತಿ ಅನ್ನೋದು ಇಲ್ಲಿ ಅರ್ಥನ ಇಲ್ಲ, ಮಜ್ಜೆ ಅನ್ನೋದು ಮೈತುಂಬ ಎಲುವಿನ್ಯಾಗ ಇರತೈತಿ, ರಕ್ತದ ಜೋಡಿ ದಿನಾ ಓಡಾಡೋ ಕಣ ಇವು, ಸೂಜಿಯಿಂದ ಹೊಸದಾಗಿ ಎಲ್ಲೂ ಹೋಗೋದಿಲ್ಲ. ಅಕ್ಕಾರಿಗೆ ಒಂದ್ಸಲ ನಿಮ್ಮ ಡಾಕ್ಟರ್ ಮುಂದ ಕುಂದರಸ್ರಿ, ಅವರ ಬಾಯಿಂದ ಕೇಳಿದ್ರ ಸಮಾಧಾನ ಆಗತೈತಿ.

ಒಂದು ಕೆಲಸ ಮಾತ್ರ ಮರೀಬ್ಯಾಡ್ರಿ, ಮಜ್ಜೆ ತಗಿಯೋ ಮೊದ್ಲ ಇದೇ ಸ್ಯಾಂಪಲ್‌ದಾಗ ಫಿಶ್ ಟೆಸ್ಟಿಗೂ ಕಳಸ್ರಿ ಅಂತ ಕೇಳ್ರಿ. ಕಣದ ಒಳಗ 17ನೇ ಕ್ರೋಮೋಸೋಮಿನ ತುಂಡು ಹೋಗೈತೇನು, 4 ಮತ್ತ 14 ಅದಲು ಬದಲು ಆಗ್ಯಾವೇನು, 1ನೇದರ ತುಂಡು ಹೆಚ್ಚಾಗೈತೇನು ಅನ್ನೋದು ಅದರಾಗ ಗೊತ್ತಾಗತೈತಿ, ರೋಗ ಎಷ್ಟು ಜೋರು ಅನ್ನೋ ಲೆಕ್ಕ ಅದರ ಮ್ಯಾಲ. ಆಮ್ಯಾಲ ಬೇಕು ಅಂದ್ರ ಮತ್ತೊಮ್ಮೆ ಚುಚ್ಚಬೇಕಾಗತೈತಿ, ಅದಕ್ಕ ಮೊದ್ಲ ಕೇಳೋದು ಚೊಲೋ. ಮಜ್ಜೆ ಸ್ಮಿಯರ್ ರಿಪೋರ್ಟ್ ಒಂದೆರಡು ದಿನದಾಗ ಬರತೈತಿ, ಎಲುವಿನ ಚೂರು ಮೆತ್ತಗ ಮಾಡಿ ನೋಡಬೇಕಲ್ಲ ಅದಕ್ಕ ವಾರದ ಮ್ಯಾಲ, ಫಿಶ್‌ಗೆ ಇನ್ನೂ ತಡ. ತಡ ಆತು ಅಂತ ಘಾಬರಿ ಆಗಬ್ಯಾಡ್ರಿ, ಕೆಟ್ಟ ಸುದ್ದಿ ಇದ್ರ ತಡ ಮಾಡ್ತಾರ ಅನ್ನೋದೆಲ್ಲಾ ಮಂದಿ ಮಾತು.

ಸ್ಕ್ಯಾನ್ ಅಂದ್ರ ಮೈತುಂಬ ಲೋ ಡೋಸ್ ಸಿಟಿ, ಇಲ್ಲಾಂದ್ರ ಪೆಟ್ ಸಿಟಿ. ಮೊದ್ಲ ತಲಿಯಿಂದ ಕಾಲ ತನಕ ಎಕ್ಸ್‌ರೇ ತಗೀತಿದ್ರು, ಅದು ಸಾಕಾಗಂಗಿಲ್ಲ, 5 ಮಿಲಿಮೀಟರ್‌ನಷ್ಟು ಸಣ್ಣ ತೂತೂ ಸಿಟಿಯೊಳಗ ಕಾಣತೈತಿ. ಎರಡೂ ಅದಾವ, ಯಾವುದು ನಿಮಗ ಹತ್ರ ಅನ್ನೋದು ಡಾಕ್ಟರ್ ಹೇಳ್ತಾರ, ಸ್ಮೋಲ್ಡರಿಂಗ್ ಅಂತ ಅನಿಸಿದ್ರ ಎಂಆರ್‌ಐನೂ ಕೇಳಬಹುದು. ಮತ್ತ 24 ತಾಸಿನ ಮೂತ್ರ ಕೇಳ್ತಾರ, ಇದನ್ನ ಹತ್ತರಾಗ ಆರು ಮಂದಿ ತಪ್ಪ ಹಿಡಕೊಂಡು ಬರ್ತಾರ ಅನಸ್ತೈತಿ ನನಗ. ಮುಂಜಾನೆ ಎದ್ದ ಮ್ಯಾಲ ಮೊದಲನೇ ಮೂತ್ರ ಚೆಲ್ಲಬೇಕು, ಆವಾಗಿನ ಟೈಮ್ ಬರದಿಡ್ರಿ, ಅಲ್ಲಿಂದ ಹಗಲು ರಾತ್ರಿ ಎಲ್ಲಾ ಆ ಕ್ಯಾನಿನ್ಯಾಗ ಹಿಡೀರಿ, ಮರುದಿನ ಅದೇ ಟೈಮಿಗೆ ಎದ್ದು ಮೊದಲನೇದನ್ನೂ ಅದರಾಗ ಹಾಕಿ ಮುಗಸ್ರಿ. ಡ್ಯೂಟಿ ಇಲ್ಲದ ದಿನ ಇಟ್ಟಕೊಳ್ರಿ.

ಟೆಸ್ಟ್ ಆಗೋ ತನಕ ಕೆಲವು ತಪ್ಪಸ್ರಿ, ಇದು ಖರೇನ ಮುಖ್ಯ. ಮೊಣಕಾಲು ಬ್ಯಾನಿ, ಸೊಂಟ ಬ್ಯಾನಿ ಅಂತ ಮೆಡಿಕಲ್‌ನಾಗ ಕೇಳಿದ್ರ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಕೊಡ್ತಾರ, ಎಂ-ಪ್ರೋಟೀನ್ ಇದ್ದವರ ಕಿಡ್ನಿಗೆ ಅವು ಒಳ್ಳೇವಲ್ಲ, ಬೇಕೇ ಬೇಕು ಅಂದ್ರ ಪ್ಯಾರಾಸಿಟಮಾಲ್. ಸ್ಟಿರಾಯ್ಡ್ ಇಂಜೆಕ್ಷನ್, ಗುಳಿಗಿ ಬ್ಯಾಡವೇ ಬ್ಯಾಡ, ಡೆಕ್ಸಾ ಅನ್ನೋದು ಮೈಲೋಮಾದ ಔಷಧದೊಳಗ ಒಂದು, ಅದನ್ನ ಎರಡ್ಮೂರು ದಿನ ತಗೊಂಡು ಮಜ್ಜೆ ಮಾಡಿಸಿದ್ರ ಕಣ ಅರ್ಧ ಮುದುಡಿ ರಿಪೋರ್ಟ್ ಕಲಸಮಲಸ ಬರತೈತಿ, ಇಂಥದ್ದು ನೋಡೇನಿ. ಪಾದರಸ, ಸೀಸದ ಭಸ್ಮ ಇರೋ ಪುಡಿಗಳೂ ಕಿಡ್ನಿಗೆ ವೈರಿ. ನೀರು ಚೊಲೋ ಕುಡೀರಿ, ಬ್ಯಾಸಗ್ಯಾಗ ಕೃಷ್ಣಾ ಕಡೆ ಬಿಸಿಲು ಹ್ಯಾಂಗಿರತೈತಿ ಅಂತ ನಿಮಗ ಹೇಳಬೇಕಿಲ್ಲ. ಹಳೇ ಹೆಲ್ತ್ ಚೆಕಪ್ ರಿಪೋರ್ಟ್ ಮನ್ಯಾಗ ಎಲ್ಲಿದ್ರೂ ಹುಡುಕಿ ತಗೊಂಡು ಹೋಗ್ರಿ, ಎರಡು ವರ್ಷದ ಹಿಂದ ಟೋಟಲ್ ಪ್ರೋಟೀನ್ 9.1 ಇತ್ತು ಅಂದ್ರ ಕಥಿ ಬ್ಯಾರೆ, 7.5 ಇತ್ತು ಅಂದ್ರ ಬ್ಯಾರೆ. ಹೊಸ ಟೆಸ್ಟಿಗಿಂತ ಆ ಹಳೇ ಚೀಟಿ ಎಷ್ಟೋ ಸಲ ಹೆಚ್ಚು ಹೇಳತೈತಿ.

ಮದ್ವಿ ವಿಷಯ. ನೀವು ಇದನ್ನ ಯಾಕ ಕೇಳಿದ್ರಿ ಅಂತ ನನಗ ತಿಳೀತೈತಿ, ಮಗಳ ಮದ್ವಿ ಅಂದ್ರ ಸಣ್ಣ ಕೆಲಸ ಅಲ್ಲ, ಜವಳಿ, ಕಲ್ಯಾಣಮಂಟಪ, ಬೀಗರ ಓಡಾಟ, ಅದರಾಗ ಹುಡುಗನ ಕಡೇವ್ರಿಗೆ ಕ್ಯಾನ್ಸರ್ ಅಂತ ಗಾಳಿಮಾತು ಹೋದ್ರ ಏನು ಅನ್ನೋ ಅಂಜಿಕಿನೂ ಇರಬೇಕು. ಎಂ-ಪ್ರೋಟೀನ್ ಅಂಟರೋಗ ಅಲ್ಲ. ತಂದಿ ತಾಯಿಗೆ ಇದ್ದವರಿಗೆ ಬರೋ ಸಾಧ್ಯತೆ ಬ್ಯಾರೆಯವರಿಗಿಂತ ಎರಡ್ಮೂರು ಪಟ್ಟು ಅಂತಾರ, ಆದ್ರ ಅಪರೂಪದ ರೋಗದ ಎರಡ್ಮೂರು ಪಟ್ಟು ಅಂದ್ರ ಅದೂ ಅಪರೂಪನ, ಮಗಳಿಗೆ ಯಾವ ಟೆಸ್ಟೂ ಬೇಕಿಲ್ಲ, ಅಕೀ ಸಂಸಾರಕ್ಕ, ಮಕ್ಕಳಿಗೆ ಇದರಿಂದ ಏನೂ ಇಲ್ಲ. ಯಾರಿಗೆ ಹೇಳಬೇಕು ಅನ್ನೋದು ನಿಮ್ಮ ಮನಿ ಮಾತು, ರಿಪೋರ್ಟ್ ಪೂರಾ ಬರೋ ತನಕ ಊರಿಗೆಲ್ಲಾ ಹೇಳೋ ಜರೂರಿ ಇಲ್ಲ, ವೈನಿಯವ್ರಿಗೆ ಮಾತ್ರ ಮುಚ್ಚಿಡಬ್ಯಾಡ್ರಿ. ಟೆಸ್ಟ್ ಒಂದು ದಿನದ ಕೆಲಸ, ಹದಿನೈದು ದಿನದಾಗ ಚಿತ್ರ ಸ್ಪಷ್ಟ. ಎಂಗಸ್ ಬಂತು ಅಂದ್ರ ಆರಾಮ ಮದ್ವಿ ಮಾಡ್ರಿ, ಸ್ಮೋಲ್ಡರಿಂಗ್ ಬಂದ್ರೂ ಹೆಚ್ಚು ಕಡಿಮಿ ಹಂಗ. ಮೈಲೋಮಾನೇ ಬಂತು ಅಂದ್ರೂ ಮದ್ವಿ ನಿಲ್ಲಂಗಿಲ್ಲ, ಈಗ ಚಾಲೂ ಮಾಡಿದ್ರ ವೈಶಾಖದೊಳಗ ಔಷಧದ ಮೂರ್ನಾಕು ಸುತ್ತು (ಸೈಕಲ್) ಮುಗದು ಹೆಚ್ಚಿನವರು ಅಷ್ಟರಾಗ ಚೊಲೋ ಆಗಿರ್ತಾರ. ಟೆಸ್ಟ್ ಬಿಟ್ಟು ಕುಂತಾಗ, ಹಂದರ ಹಾಕೋ ವಾರದಾಗ ಬೆನ್ನೆಲುವು ಕುಸೀತು ಅಂದ್ರ ಆವಾಗಿನ ತ್ರಾಸು ನೆನಸ್ರಿ. ಒಂದು ವಾರ ಹತ್ತು ದಿನ ಹಿಂದ ಮುಂದ ಆದ್ರ ಏನೂ ಆಗಂಗಿಲ್ಲ, ಹಬ್ಬ ಸಾಲು ನೋಡಿ ದಿನ ಹಿಡೀರಿ, ನಾಕು ತಿಂಗಳು ಮಾತ್ರ ಬ್ಯಾಡ.

ಎಲ್ಲಿ ಮಾಡಸೋದು ಅಂದ್ರ, ಅಥಣಿಯವರು ಮಿರಜ್ ಸಾಂಗ್ಲಿಗೆ ಹೋಗೋದು ರೂಢಿ ಐತಿ, ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜ್ ಅದಾವ, ಮ್ಯಾರೋ ತಗಿಯೋದು ಅಲ್ಲೆಲ್ಲಾ ಆಗತೈತಿ. ಬೆಂಗಳೂರು ಕಿದ್ವಾಯಿ, ಮುಂಬೈ ಟಾಟಾಕ್ಕ ಮೊದಲ ದಿನವೇ ಓಡಬೇಕಿಲ್ಲ, ರಿಪೋರ್ಟ್ ಕೈಯಾಗ ಹಿಡಕೊಂಡು ಎರಡನೇ ಅಭಿಪ್ರಾಯಕ್ಕ ಹೋದ್ರ ಅಲ್ಲಿಯವರಿಗೂ ಅನುಕೂಲ, ಸ್ಲೈಡ್ ಮತ್ತ ಬ್ಲಾಕ್ (ಮೇಣದಾಗ ಇಟ್ಟ ಎಲುವಿನ ಚೂರು) ಕೇಳಿ ಇಸಕೊಂಡು ಹೋಗ್ರಿ. ಎಂ-ಪ್ರೋಟೀನ್ ಮುಂದಿನ ಸಲ ನೋಡುವಾಗ ಅದೇ ಲ್ಯಾಬಿನ್ಯಾಗ ಮಾಡಸ್ರಿ, ಲ್ಯಾಬ್ ಬದಲಾದ್ರ 2.4 ಇದ್ದದ್ದು 2.8 ಬಂದು ಸುಮ್ಮನ ನಿದ್ದಿ ಕೆಡತೈತಿ. ಇಎಸ್‌ಐ ಕಾರ್ಡ್ ಇದ್ರ ಮೊದ್ಲ ಅಲ್ಲಿಂದ ರೆಫರಲ್ ಬರಸ್ರಿ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ವರ್ಷಕ್ಕ ಮನೀಗೆ 5 ಲಕ್ಷ ತನಕ ಐತಿ, ಎಪಿಎಲ್ ಇದ್ರ ಪ್ಯಾಕೇಜಿನ 30 ಪರ್ಸೆಂಟ್ ಸರ್ಕಾರ ಕೊಡತೈತಿ, ದವಾಖಾನ್ಯಾಗ ಆರೋಗ್ಯಮಿತ್ರ ಅಂತ ಕುಂತಿರ್ತಾರ, ಅಡ್ಮಿಟ್ ಆಗೋ ಮೊದ್ಲ ಕೇಳ್ರಿ, ಆಮ್ಯಾಲ ಕೇಳಿದ್ರ ತ್ರಾಸು.

ರಿಪೋರ್ಟ್ ಬಂದ ಮ್ಯಾಲ ಏನು ನೋಡಬೇಕು. ಸ್ಮೋಲ್ಡರಿಂಗ್ ಅಂತ ಬಂದ್ರ 20, 2, 20 ಅಂತ ಒಂದು ಲೆಕ್ಕ ಐತಿ, ಮಜ್ಜ್ಯಾಗ ಕಣ 20 ಪರ್ಸೆಂಟ್ ದಾಟೈತೇನು, ಎಂ-ಪ್ರೋಟೀನ್ 2 ಗ್ರಾಂ ದಾಟೈತೇನು, ಲೈಟ್ ಚೈನ್ ರೇಶಿಯೋ 20 ದಾಟೈತೇನು. ಒಂದೂ ಇಲ್ಲ ಅಂದ್ರ ಎರಡು ವರ್ಷದಾಗ ಮೈಲೋಮಾ ಆಗೋದು ನೂರಕ್ಕ ಸುಮಾರು 6, ಒಂದಿದ್ರ 18, ಎರಡು ಅಥವಾ ಮೂರಿದ್ರ 44. ನಿಮಗ ಎಂ-ಪ್ರೋಟೀನ್ ಒಂದಂತೂ ದಾಟೈತಿ, ರೇಶಿಯೋ ದಾಟಿಲ್ಲ, ಉಳಿದದ್ದು ಮಜ್ಜೆ ಹೇಳಬೇಕು. ಹೈ ರಿಸ್ಕ್ ಇದ್ದವರಿಗೆ ಮೊದ್ಲೇ ಔಷಧ ಕೊಡಬೇಕೋ ಬ್ಯಾಡೋ ಅಂತ ಡಾಕ್ಟರ್‌ಗಳೊಳಗ ವರ್ಷಗಟ್ಟಲೆ ಜಗಳ ಇತ್ತು, 2024ರ ಡಿಸೆಂಬರ್‌ನಾಗ ಅಕ್ವಿಲಾ ಅನ್ನೋ ದೊಡ್ಡ ಟ್ರಯಲ್ ಪ್ರಕಟ ಆತು, ಡರಾಟುಮುಮಾಬ್ ಇಂಜೆಕ್ಷನ್ ಕೊಟ್ರ ಮೈಲೋಮಾಕ್ಕ ತಿರುಗೋದು ಕಡಿಮಿ ಆಗತೈತಿ ಅಂತ ತೋರ್ಸಿತು. ನನ್ನ ಅಭಿಪ್ರಾಯ ಕೇಳಿದ್ರ, ಖರ್ಚು ಮತ್ತ ಸೋಂಕಿನ ಅಪಾಯ ಎರಡೂ ತೂಗಿ, ಖರೇ ಹೈ ರಿಸ್ಕ್ ಇದ್ದವರಿಗೆ ಮಾತ್ರ ಆ ಮಾತು ತಗೀಬೇಕು, ಉಳಿದವರಿಗೆ ಟೈಮ್ ಸರಿ ನೋಡ್ಕೋತ ಇರೋದು ಚೊಲೋ. ಮೈಲೋಮಾ ಅಂತ ಬಂದ್ರ ಬೋರ್ಟೆಝೊಮಿಬ್ ಇಂಜೆಕ್ಷನ್ ಹೊಟ್ಟಿ ಚರ್ಮದಾಗ, ಲೆನಾಲಿಡೊಮೈಡ್ ಗುಳಿಗಿ, ಡೆಕ್ಸಾ, ಇವು ನಮ್ಮ ದೇಶದಾಗ ಜನರಿಕ್ ಸಿಗತಾವ, ಹೆಚ್ಚಿನದು ಓಪಿಡಿಯೊಳಗ ಮುಗೀತೈತಿ, ನಿಮ್ಮ ವಯಸ್ಸಿಗೆ ಮುಂದ ನಿಮ್ಮದೇ ಸ್ಟೆಮ್ ಸೆಲ್ ತಗದು ಮರಳಿ ಹಾಕೋ ಟ್ರಾನ್ಸ್‌ಪ್ಲಾಂಟ್ ಬಗ್ಗೆನೂ ಮಾತಾಡ್ತಾರ. ಬೇರು ಸಮೇತ ಹೋಗೋದು ಅಪರೂಪ, ಆದ್ರ ವರ್ಷಗಟ್ಟಲೆ ಹಿಡದಿಟ್ಟು ಕೆಲಸ ಮಾಡ್ಕೋತ ಇರೋ ಮಂದಿ ಈಗ ಭಾಳ ಅದಾರ, ಎಲುವು ಕಿಡ್ನಿ ಗಟ್ಟಿ ಇದ್ದಾಗ ಚಾಲೂ ಮಾಡಿದವರಿಗೆ ಅದು ಇನ್ನೂ ಸುಲಭ.

ಫ್ಯಾಕ್ಟರ್ಯಾಗಿನ ಗೆಳೆಯರೆಲ್ಲಾ ಎಂ-ಬ್ಯಾಂಡ್ ಮಾಡಿಸ್ಲೇನು ಅಂತ ಕೇಳ್ತಾರ ನೋಡ್ರಿ, ಬ್ಯಾಡ ಅನ್ರಿ. ಐಸ್‌ಲ್ಯಾಂಡ್ ದೇಶದಾಗ 2016ರಿಂದ 40 ದಾಟಿದ 80 ಸಾವಿರ ಮಂದಿ ಇಂಥಾ ತಪಾಸಣಿಗೆ ಹೆಸರು ಕೊಟ್ಟಾರ, ಊರಿಗೆಲ್ಲಾ ಟೆಸ್ಟ್ ಮಾಡಿದ್ರ ಜೀವ ಉಳೀತಾವೋ ಸುಮ್ಮನ ಅಂಜಿಕಿ ಹಬ್ಬತೈತೋ ಅಂತ ಅಲ್ಲಿ ನೋಡಾಕತ್ತಾರ. ಗ್ಲೋಬುಲಿನ್ ಏರಿದ್ದು, ಕಾರಣ ಗೊತ್ತಾಗದ ರಕ್ತ ಕಡಿಮಿ, ಹೋಗದ ಎಲುಬ್ಯಾನಿ, ಕಿಡ್ನಿ ಕೆಟ್ಟದ್ದು, ಇಂಥವರಿಗೆ ಬೇಕು.

ಎಂಗಸ್ ಅಥವಾ ಸ್ಮೋಲ್ಡರಿಂಗ್ ಬಂದ್ರ ಮೊದಲ ವರ್ಷ ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಎಂ-ಪ್ರೋಟೀನ್, ಲೈಟ್ ಚೈನ್, ಸಿಬಿಸಿ, ಕ್ರಿಯಾಟಿನಿನ್, ಕ್ಯಾಲ್ಸಿಯಂ ತೋರ್ಸಬೇಕು, ಅಲುಗಾಡದಿದ್ರ ಆಮ್ಯಾಲ ಅಂತರ ಹೆಚ್ಚು ಮಾಡ್ತಾರ, ಫ್ಲೂ ಮತ್ತ ನ್ಯುಮೋನಿಯಾ ಲಸಿಕೆ ಬಗ್ಗೆನೂ ಕೇಳ್ರಿ. ಟೈಮ್ ಇರಲಿ ಬಿಡಲಿ, ಎರಡು ವಾರ ಬಿಡದ ಹೊಸ ಎಲುಬ್ಯಾನಿ, ಮೂತ್ರದಾಗ ನೊರಿ ಜೊತಿಗೆ ಕಾಲು ಬಾವು, ಮ್ಯಾಲಿಂದ ಮ್ಯಾಲ ನ್ಯುಮೋನಿಯಾ, ಕಾಲಿಗೆ ಜುಮುಜುಮು, ವಿಪರೀತ ನೀರಡಿಕಿ ಜೊತಿಗೆ ಮಲಬದ್ಧತೆ ಮಬ್ಬು, ಇವು ಕಂಡ್ರ ತಾರೀಖು ಕಾಯದ ಹೋಗ್ರಿ. ಬೆನ್ನಬ್ಯಾನಿ ಜೋಡಿ ಕಾಲಿನ ಶಕ್ತಿ ಹೋತು, ಇಲ್ಲಾ ಮೂತ್ರ ಕಟ್ಟಿತು ಅಂದ್ರ ಅದೇ ದಿನ, ರಾತ್ರಿ ಆಗಿದ್ರ ರಾತ್ರಿನೇ, ಎಂಆರ್‌ಐ ಇರೋ ದೊಡ್ಡ ದವಾಖಾನಿಗೆ ಹೋಗಬೇಕು ಮತ್ತ ಬಾಗಿಲ್ದಾಗ ನಿಂತಾಗಲೇ ನನಗ ಎಂ-ಬ್ಯಾಂಡ್ ಐತಿ ಅಂತ ಹೇಳಬೇಕು.